ಲಾರಿಗೆ ಎಣ್ಣೆ ಮಜ್ಜನ

ಮೋಟಾರು ಇಲಾಖೆಯ ಇನ್ಸ್‌ಪೆಕ್ಟರಿಗೆ ಸರ್ಕಾರ ಏನು ಹೆಸರಿಟ್ಟಿತ್ತೋ, ನಮ್ಮ ಕಡೆಯವರಿಗೆ ಅವನು ಬ್ರೇಕ್ ಇನ್ಸ್‌ಪೆಕ್ಟರ್. ಲಾರಿಯಲ್ಲಿ ಲೈಟು, ಹಾರನ್ನು, ಸ್ಟೇರಿಂಗು ಎಲ್ಲವೂ ಇದ್ದರೂ ಆ ಮನುಷ್ಯನಿಗೆ ಅಂಟಿಕೊಂಡದ್ದು ಮಾತ್ರ ಬ್ರೇಕಿನ ಹೆಸರು. ನಾನು ಲಾರಿ ಇಟ್ಟಿದ್ದ ಕಾಲದಲ್ಲಿ ಕೊಳ್ಳೇಗಾಲಕ್ಕೆ ಬರುತ್ತಿದ್ದ ಮಹಾಶಯನಿಗೆ ಬ್ರೇಕು ಎಂದರೆ ಡ್ರೈವರನ ಕಾಲ ಕೆಳಗಿರುವ ಒಂದು ಕಬ್ಬಿಣದ ಪಟ್ಟಿ ಅನ್ನುವುದಕ್ಕಿಂತ ಹೆಚ್ಚೇನೂ ತಿಳಿದಿರಲಿಲ್ಲ.

ಐವತ್ತಾರಕ್ಕೆ ಮೊದಲು ನಾವು ಮದ್ರಾಸಿಗೆ ಸೇರಿದವರು. ಆಗ ಕೊಯಮತ್ತೂರಿನಿಂದ ಬರುತ್ತಿದ್ದವನು ತಮಿಳಿನಲ್ಲಿ ಬೈಯುತ್ತಿದ್ದ. ಮೈಸೂರಿಗೆ ಸೇರಿದ ಮೇಲೆ ಕನ್ನಡದಲ್ಲಿ ಬೈಸಿಕೊಳ್ಳುವ ಭಾಗ್ಯ ಬಂತು. ಇನ್ನೊಂದು ಅನನುಕೂಲವೂ ಆಯಿತು. ಮೊದಲು ಇನ್ಸ್‌ಪೆಕ್ಟರ್ ಬಂದನೆಂದು ಸುದ್ದಿ ತಿಳಿದರೆ ಲಾರಿಯನ್ನು ಯಳಂದೂರಿನ ಕಡೆಗೆ ದಾಟಿಸಿಬಿಡುತ್ತಿದ್ದೆವು. ಯಳಂದೂರು ಆಗಲೇ ಮೈಸೂರಿನದು, ಕೊಯಮತ್ತೂರಿನವನ ಅಧಿಕಾರ ಅಲ್ಲಿ ನಡೆಯುತ್ತಿರಲಿಲ್ಲ. ಒಂದಾದ ಮೇಲೆ ಓಡಿಹೋಗುವುದಕ್ಕೆ ಗಡಿಯೇ ಇಲ್ಲವಾಯಿತು.

ಮಹಾಶಯನ ಪರೀಕ್ಷೆ ಹೀಗಿತ್ತು. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ದಾರಿಯ ಹುಣಸೆಮರಗಳ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಜವಾನ ರಸ್ತೆಗೆ ಅಡ್ಡಲಾಗಿ ಒಂದು ಸುಣ್ಣದ ಗೆರೆ ಎಳೆಯುತ್ತಿದ್ದ. ಲಾರಿ ಮೈಲಿಕಲ್ಲಿನ ಕಡೆಯಿಂದ ವೇಗವಾಗಿ ಬರಬೇಕು, ಜವಾನ ಕೆಂಪು ಬಟ್ಟೆ ಬೀಸಿದ ಕೂಡಲೇ ಡ್ರೈವರ್ ಬ್ರೇಕು ಒತ್ತಬೇಕು, ಮುಂದಿನ ಗಾಲಿ ಗೆರೆ ದಾಟಬಾರದು. ದಾಟದಿದ್ದರೆ ಪಾಸು, ದಾಟಿದರೆ ಫೇಲು. ಗಾಲಿ ಬಿಚ್ಚಿಸಿ ಬ್ರೇಕಿರುವ ಡ್ರಮ್ಮಿನೊಳಗೆ ಅವನು ಇಣುಕಿದ್ದನ್ನು ನಾನು ಒಂದು ದಿನವೂ ಕಾಣೆ. ಇಣುಕಿದರೆ ಬಿಳಿ ಪ್ಯಾಂಟಿಗೆ ಮಸಿ ಮೆತ್ತುತ್ತದಲ್ಲ.

ಇಂಥ ಪರೀಕ್ಷೆಯಲ್ಲಿ ಪಾಸಾಗುವುದಕ್ಕೆ ಬ್ರೇಕು ಬೇಕಾಗಿಯೇ ಇರಲಿಲ್ಲ. ಬಟ್ಟೆ ಬೀಸುವುದಕ್ಕೆ ಮುಂಚೆಯೇ ಪೆಡಲನ್ನು ಎರಡು ಮೂರು ಸಲ ತುಳಿದು ಹದ ಮಾಡಿಕೊಳ್ಳುವುದು, ಬೀಸಿದ ಕೂಡಲೇ ಗೇರು ಇಳಿಸಿ ಎಂಜಿನ್ನಿನ ಬಲದಿಂದಲೇ ಗಾಡಿಯನ್ನು ಹಿಡಿದು ನಿಲ್ಲಿಸುವುದು. ಇದು ನಮ್ಮೆಲ್ಲರಿಗೂ ಗೊತ್ತು. ಗೊತ್ತಿಲ್ಲದಿದ್ದವನು ಪರೀಕ್ಷೆ ಮಾಡುವವನೊಬ್ಬನೇ. ಈಗ ನಾನು ಹೇಳಲು ಹೊರಟ ದಿನವೂ ನನ್ನ ಲಾರಿ ಹಾಗೆಯೇ ಪಾಸಾಯಿತು. ನನ್ನದು ಹರಾಜಿನಲ್ಲಿ ಹಿಡಿದ ಹಳೆಯ ಗಾಡಿ. ನಾನೇ ಓಡಿಸುತ್ತಿದ್ದೆ. ಗೆರೆಗೆ ಒಂದು ಗೇಣು ಇರುವಾಗ ಗಕ್ಕನೆ ನಿಂತಿತು. ಇನ್ಸ್‌ಪೆಕ್ಟರ್ ತಲೆಯಾಡಿಸಿದ. ನಾನು ಗಾಡಿಯನ್ನು ಪಕ್ಕಕ್ಕೆ ಹಾಕಿ, ಮುಂದಿನವರ ಗತಿ ನೋಡೋಣವೆಂದು ಮರದ ಕೆಳಗೆ ಕೂತೆ.

ಕೂರುವುದಕ್ಕೆ ಕಾರಣವೂ ಇತ್ತು. ಆ ದಿನಗಳಲ್ಲಿ ಇನ್ಸ್‌ಪೆಕ್ಟರನ ಕೈಗೆ ಸಿಕ್ಕಿಬಿದ್ದವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಸತ್ತೇಗಾಲದಲ್ಲಿ ತೆಂಗಿನಕಾಯಿ ಹೊರುತ್ತಿದ್ದವನು ನಾನು. ಆಮೇಲೆ ಯಳಂದೂರಿನ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತೆ. ಮೂಟೆ ಹೊತ್ತವನಿಗೆ ಮನುಷ್ಯರ ತೂಕ ಬೇಗ ಗೊತ್ತಾಗುತ್ತದೆ. ಯಾರ ಹತ್ತಿರ ಎಷ್ಟು ಮಾತಾಡಬೇಕು, ಎಲ್ಲಿ ಬಾಯಿ ಮುಚ್ಚಬೇಕು ಅನ್ನುವುದು ನನಗೆ ಪಾಠ ಹೇಳಿಸಿಕೊಳ್ಳದೆ ಬಂದ ವಿದ್ಯೆ. ನಿಮಗೂ ಒಂದು ಮಾತು ಹೇಳಿಡುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ: ಅಧಿಕಾರಿಯ ಎದುರು ಮೊದಲು ಬಾಯಿಬಿಟ್ಟವನು ಸೋತ. ಅವನೇ ಮಾತು ಶುರು ಮಾಡುವ ತನಕ ಚಪ್ಪಲಿಯ ಮಣ್ಣು ಕೊಡವುತ್ತಾ ನಿಲ್ಲಬೇಕು.

ಹೀಗೆ ಮಾತಾಡಿ ಬಿಡಿಸುವ ಕೆಲಸದಲ್ಲಿ ನಾನು ಹೇಸುವಂಥದ್ದನ್ನೂ ಮಾಡಿದ್ದೇನೆ. ಬ್ರೇಕು ಸರಿಯಿಲ್ಲವೆಂದು ರಿಪೋರ್ಟು ಬರೆಯುವಾಗ ಯಾರ ತಪ್ಪೆಂದು ಒಂದು ಹೆಸರು ಬರೆಯಬೇಕು. ಯಜಮಾನನ ಹೆಸರು ಬರೆದರೆ ಲಾರಿಯ ಪರ್ಮಿಟ್ಟಿಗೆ ಸಂಚಕಾರ. ಡ್ರೈವರನ ಹೆಸರು ಬರೆದರೆ ಅವನ ಲೈಸೆನ್ಸು ಹೋಗುತ್ತದೆ, ಲಾರಿ ಉಳಿಯುತ್ತದೆ. ಯಜಮಾನರು ಯಾವುದನ್ನು ಕೇಳುತ್ತಿದ್ದರೆಂದು ಬಿಡಿಸಿ ಹೇಳಬೇಕೆ? ಎರಡು ಸಲ ನಾನೇ ನಿಂತು ಡ್ರೈವರ್ ಹೆಸರು ಬರೆಸಿದ್ದೆ. ಅವರಲ್ಲಿ ಹನೂರಿನವನೊಬ್ಬ ಆಮೇಲೆ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಕುಕ್ಕೆ ಹೊರುವ ಕೂಲಿಗೆ ಸೇರಿದ. ನನ್ನನ್ನು ಕಂಡರೆ ತಲೆಯ ಮೇಲಿನ ಕುಕ್ಕೆ ಇಳಿಸಿ ಕೈ ಮುಗಿಯುತ್ತಿದ್ದ. ಬೈದಿದ್ದರೆ ಮೇಲಿತ್ತು. ನಾನು ಆ ಮಾರುಕಟ್ಟೆಯ ಬೀದಿ ಬಿಟ್ಟು ಸುತ್ತು ದಾರಿಯಲ್ಲಿ ಹೋಗತೊಡಗಿದೆ.

ಆ ದಿನ ನನ್ನ ಹಿಂದೆ ಬಂದದ್ದು, ಹಿಂದೆ ನಾನು ಮೂಟೆ ಹೊತ್ತಿದ್ದೆನಲ್ಲ, ಅದೇ ಗಿರಣಿಯ ಲಾರಿ. ವರ್ಷವೂ ತುಂಬದ ಹೊಸ ಗಾಡಿ. ಅಕ್ಕಿ ತುಂಬಿತ್ತು. ಡ್ರೈವರ್ ಹೂಗ್ಯಂನವನು. ಕಾಡಿನಂಚಿನ ಊರು, ಅರ್ಧ ಮಾತು ಕನ್ನಡ, ಅರ್ಧ ತಮಿಳು. ಹತ್ತು ವರ್ಷ ಬೆಟ್ಟದ ತಿರುವುಗಳಲ್ಲಿ ಬಿದಿರು ಇಳಿಸಿದವನು, ಒಂದು ಕೋಳಿಯನ್ನೂ ಗಾಲಿಗೆ ಸಿಕ್ಕಿಸಿದವನಲ್ಲ. ಓದು ಬರಹ ಇಲ್ಲ. ಅವನ ಆಸ್ತಿ ಎಂದರೆ ಕೊಯಮತ್ತೂರಿನಲ್ಲಿ ತೆಗೆಸಿದ ಲೈಸೆನ್ಸಿನ ಪುಸ್ತಕವೊಂದೇ. ಅದನ್ನು ಎಲೆಯಡಿಕೆಯ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದ.

ಜವಾನ ಬಟ್ಟೆ ಬೀಸಿದ. ಲಾರಿ ನಿಲ್ಲಲಿಲ್ಲ. ಡ್ರೈವರ್ ಪೆಡಲಿನ ಮೇಲೆ ಹೆಚ್ಚು ಕಡಿಮೆ ಎದ್ದು ನಿಂತಿದ್ದು ಗಾಜಿನೊಳಗೆ ಕಾಣಿಸಿತು. ಗಾಡಿ ಮಾತ್ರ ಬೆಣ್ಣೆಯ ಮೇಲೆ ಜಾರುವ ಹಾಗೆ ಗೆರೆಯನ್ನೂ ದಾಟಿ, ಜವಾನನನ್ನೂ ದಾಟಿ ಮರದ ಕಡೆಗೇ ಬಂತು. ಅವನು ಗೇರು ಇಳಿಸಿ ಹ್ಯಾಂಡ್‌ಬ್ರೇಕು ಎಳೆದು ಹೇಗೋ ತಡೆದ. ಅಷ್ಟರಲ್ಲಿ ಮಡಚುವ ಕುರ್ಚಿ ಬಂಪರಿನ ಅಡಿಗೆ ಸಿಕ್ಕಿ ಶಾಶ್ವತವಾಗಿ ಮಡಚಿಕೊಂಡಿತ್ತು. ಇನ್ಸ್‌ಪೆಕ್ಟರ್ ಬೊಡ್ಡೆಯ ಹಿಂದೆ ನಿಂತಿದ್ದ. ಅಷ್ಟು ಚುರುಕಾಗಿ ಸರ್ಕಾರಿ ನೌಕರ ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಹೆದರಿದ ಅಧಿಕಾರಿ ಹೆದರಿಕೆ ಇಳಿದ ಮೇಲೆ ಮಾಡುವುದು ಒಂದೇ ಕೆಲಸ. ಡ್ರೈವರನ್ನು ಕೆಳಗಿಳಿಸಿ, ಲೈಸೆನ್ಸು ಕಿತ್ತುಕೊಂಡು, ಫೈಲು ಬಿಚ್ಚಿದ.

"ಬ್ರೇಕ್ ನೋಡ್ಕೊಳ್ಳೋದು ಯಾರ ಕೆಲಸ?"

"ನಂದೇ ಸಾ. ಆದ್ರೆ..."

"ಆದ್ರೆ ಗೀದ್ರೆ ಬೇಡ. ಇನ್ನು ನಿನಗೆ ಸ್ಟೇರಿಂಗ್ ಇಲ್ಲ. ಮನೆಗೆ ಹೋಗು."

ಡ್ರೈವರ್ ನನ್ನ ಕಡೆ ತಿರುಗಿದ. "ಅಣ್ಣ, ನೀವಾದ್ರೂ ಒಂದು ಮಾತು ಏಳಿ. ಆ ಪುಸ್ತಕ ಕಿತ್ಕಂಡ್ರೆ ನಾನು ವಾಪಸ್ ಬಿದ್ರು ಕಡಿಯಕೇ ಓಗಬೇಕು. ಎಂಟು ತಿಂಗ್ಳಿಂದ ಬುದ್ಧಿಯವ್ರಿಗೆ ಏಳ್ತಾನೇ ಅವ್ನಿ, ಅಮಾಸೆ ಆದ್ಮೇಲೆ ಎಲ್ಡು ದಿನ ಬ್ರೇಕು ಇಡಿಯಲ್ಲ ಅಂತ."

"ಅಮಾಸೆಗೂ ಬ್ರೇಕಿಗೂ ಏನ್ಲಾ ಸಂಬಂಧ?" ಎಂದು ಹಿಂದಿನ ಲಾರಿಯವನೊಬ್ಬ ನಕ್ಕ. "ನಿನ್ ಲಾರಿಗೇನು ದೆವ್ವ ಬತ್ತದಾ?"

ಡ್ರೈವರ್ ತಲೆ ತಗ್ಗಿಸಿದ. ಅನ್ನ ಹಾಕುವ ಧಣಿಯ ಮೇಲೆ ನಾಲ್ಕು ಜನರ ಎದುರು ದೂರು ಹೇಳುವುದು ಅವನ ಕೈಲಾಗುವ ಕೆಲಸವಲ್ಲ. ನನಗೆ ಮಾತ್ರ ಮೆಲ್ಲಗೆ ಒಂದು ವಾಸನೆ ಬಡಿಯುತ್ತಿತ್ತು. ಲಾರಿಯ ಗಾಲಿಗಳಿಂದ ನೀಲಿ ಹೊಗೆ ಏಳುತ್ತಿತ್ತು, ಆ ಹೊಗೆಯಲ್ಲಿ ಎಳ್ಳೆಣ್ಣೆಯಲ್ಲಿ ವಡೆ ಕರಿದ ಹಾಗೆ ವಾಸನೆ. ಬ್ರೇಕು ಕಾದರೆ ಸುಟ್ಟ ರಬ್ಬರಿನಂಥ ಕಮಟು ಬರುತ್ತದೆ, ವಡೆಯ ವಾಸನೆ ಬರುವುದಿಲ್ಲ. ಹಿಂದಿನ ದಿನ ಅಮಾವಾಸ್ಯೆ. ನನಗೆ ಅರ್ಥವಾಯಿತು.

ಅರ್ಥವಾಗದವರಿಗಾಗಿ ಹೇಳುತ್ತೇನೆ. ನಮ್ಮ ಬೆಟ್ಟದ ಮಾದಪ್ಪನಿಗೆ ಎಣ್ಣೆ ಮಜ್ಜನ ಮಾಡುವುದು ವಾಡಿಕೆ, ಅಮಾವಾಸ್ಯೆಗಂತೂ ತಪ್ಪಿಸುವುದಿಲ್ಲ. ನಾನೂ ಆ ದೇವರಿಗೆ ನಡೆದುಕೊಳ್ಳುವವನೇ. ಆದರೆ ಗಿರಣಿ ಯಜಮಾನರ ಭಕ್ತಿ ದೇವರ ಹತ್ತಿರ ನಿಲ್ಲಲಿಲ್ಲ. ಹೊಸ ಲಾರಿ ಮಾದಪ್ಪನ ಬೆಟ್ಟ ಹತ್ತಿ ಬಂದದ್ದು, ಆದ್ದರಿಂದ ಅದಕ್ಕೂ ಅಮಾವಾಸ್ಯೆಗೊಂದು ಎಣ್ಣೆ ಮಜ್ಜನ ಎಂದು ಹರಕೆ ಹೊತ್ತಿದ್ದರು. ಈ ಸುದ್ದಿ ಗಿರಣಿಯ ಹಮಾಲಿಗಳ ಬಾಯಿಂದ ನನಗೆ ಬಂದಿತ್ತು. ಗಾಲಿಗೆ ಒಂದು ತೊಟ್ಟು ಎಣ್ಣೆ ಮುಟ್ಟಿಸುತ್ತಾರೆ ಅಂದುಕೊಂಡಿದ್ದೆ. ಶ್ರೀಮಂತನ ಭಕ್ತಿ ತೊಟ್ಟಿನಲ್ಲಿ ಇರುವುದಿಲ್ಲ ಎನ್ನುವುದನ್ನು ಮರೆತಿದ್ದೆ. ಬ್ರೇಕು ಹಿಡಿಯುವುದು ಡ್ರಮ್ಮಿನೊಳಗೆ ಲೈನರ್ ಎಂಬ ಒರಟು ಪಟ್ಟಿ ಉಜ್ಜಿದರೆ ತಾನೆ. ಡ್ರಮ್ಮಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಸಂದಿ ಇರುತ್ತದೆ. ಚೊಂಬುಗಟ್ಟಲೆ ಸುರಿದರೆ ಎಣ್ಣೆ ಆ ಸಂದಿಯಲ್ಲಿ ಇಳಿದು ಲೈನರಿಗೇ ಕುಡಿಸಿದ ಹಾಗೆ. ಲಾರಿಯ ಕೆಳಗೆ ಒಂದು ಸಲವೂ ಬೆನ್ನು ಹಾಕಿ ಮಲಗದವರು ಲಾರಿಯ ಯಜಮಾನರಾದರೆ ಆಗುವುದು ಹೀಗೆ.

ಅಷ್ಟರಲ್ಲಿ ಯಾರೋ ಸೈಕಲ್ಲಿನಲ್ಲಿ ಹೋಗಿ ಸುದ್ದಿ ಮುಟ್ಟಿಸಿದ್ದರಿಂದ ಯಜಮಾನರು ಕಾರಿನಲ್ಲಿ ಬಂದಿಳಿದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಭುಜದ ಮೇಲೆ ಜರಿಯ ಶಲ್ಯ. ಲಾರಿಯನ್ನು ನೋಡಲಿಲ್ಲ, ಡ್ರೈವರನ್ನು ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು ಮೆತ್ತಗಿನ ದನಿಯಲ್ಲಿ ಹೇಳಿದರು.

"ನೋಡ್ಲಾ, ಇವ್ರ ಜೊತೆ ನೀನೇ ಮಾತಾಡು. ತಪ್ಪು ಅವ್ನದು ಅಂತ ಬರ್ಕಳ್ಲಿ, ಲಾರಿ ಬಿಡ್ಲಿ. ಅಕ್ಕಿ ಮೈಸೂರು ಸೇರ್ಬೇಕು."

"ಅವ್ನ ಲೈಸೆನ್ಸ್ ಓಯ್ತದಲ್ಲ ಯಜಮಾನ್ರೇ."

"ಓಗ್ಲಿ ಬಿಡು. ಡ್ರೈವರ್‌ಗೇನು ಬರ ಬಂದದಾ?"

ನಾನು ಮೂಟೆ ಹೊರುತ್ತಿದ್ದಾಗಲೂ ಅವರು ನನ್ನನ್ನು 'ಲಾ' ಎಂದೇ ಕರೆಯುತ್ತಿದ್ದರು. ಲಾರಿ ಕೊಂಡ ಮೇಲೂ ಅದೇ. ಅವತ್ತು ನಾನು ಮಾಡಿದ್ದನ್ನು ಕೇವಲ ನ್ಯಾಯಕ್ಕಾಗಿ ಮಾಡಿದೆ ಎಂದರೆ ಸುಳ್ಳಾದೀತು. ಆ ಒಂದು 'ಲಾ'ದ ಪಾಲೂ ಅದರಲ್ಲಿತ್ತು, ಗೂಡಿನ ಮಾರುಕಟ್ಟೆಯಲ್ಲಿ ಕೈ ಮುಗಿಯುತ್ತಿದ್ದವನ ಪಾಲೂ ಇತ್ತು.

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು ನನ್ನನ್ನೇ ನೋಡುತ್ತಿದ್ದ. ನಾನು ಚಪ್ಪಲಿಯ ಮಣ್ಣು ಕೊಡವಿದೆ. ಕೊನೆಗೆ ಅವನೇ ಕೇಳಿದ.

"ಏನ್ರೀ, ಏನಂತಾರೆ ನಿಮ್ಮ ಯಜಮಾನ್ರು? ಒಂದು ಹೆಸರಂತೂ ಬರೀಲೇಬೇಕು ನಾನು."

"ಬರೀರಿ ಸಾ. ಬರೆಯಕೆ ಮುಂಚೆ ಒಂದು ಗಾಲಿ ಬಿಚ್ಚಿ ನೋಡ್ಬಿಡಿ."

"ಗಾಲಿ ಯಾಕೆ? ಗೆರೆ ದಾಟಿದ್ದನ್ನ ಕಣ್ಣಾರೆ ನೋಡಿದೀನಿ."

"ದಾಟ್ತು ಸಾ. ಯಾಕೆ ದಾಟ್ತು ಅಂತ ನಾಳೆ ಮ್ಯಾಜಿಸ್ಟ್ರೇಟ್ರು ಕೇಳಿದ್ರೆ ಏನಂತೀರಿ? ಡ್ರಮ್ ಬಿಚ್ಚಿ ನೋಡಿದ್ರಾ ಅಂತ ಅವ್ರು ಕೇಳ್ತಾರೆ. ಇಲ್ಲ ಅಂದ್ರೆ, ಇಷ್ಟು ವರ್ಷ ಬರೆದ ರಿಪೋರ್ಟುಗಳಲ್ಲಿ ಎಷ್ಟು ಡ್ರಮ್ ಬಿಚ್ಚಿದ್ರಿ ಅಂತನೂ ಕೇಳ್ಬೋದು. ಇಲ್ಲಿ ನಿಂತಿರೋರೆಲ್ಲ ಸಾಕ್ಷಿ ಏಳಕ್ಕೆ ಬತ್ತಾರೆ."

ನಿಂತಿದ್ದವರು ಯಾರೂ ಸಾಕ್ಷಿ ಹೇಳಲು ಬರುವವರಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ಇನ್ಸ್‌ಪೆಕ್ಟರಿಗೆ ಗೊತ್ತಿರಲಿಲ್ಲ. ಗಾಲಿ ಬಿಚ್ಚಲು ಅಪ್ಪಣೆ ಕೊಟ್ಟ.

ಡ್ರೈವರ್ ಜಾಕಿ ಕೊಟ್ಟ, ನಟ್ಟು ಬಿಚ್ಚಿದ, ಗಾಲಿ ಉರುಳಿಸಿದ. ಡ್ರಮ್ಮು ಕಾದಿತ್ತು, ಗೋಣಿತಾಟು ಸುತ್ತಿ ಎಳೆದ. ಹೊರಗೆ ಬಂದ ಡ್ರಮ್ಮಿನ ತಳದಲ್ಲಿ ಎಣ್ಣೆ ಮಡುಗಟ್ಟಿತ್ತು. ಲೈನರು ಕರ್ರಗೆ, ಸೀದ ರೊಟ್ಟಿಯ ಹಾಗೆ ಮಿರಿಮಿರಿ ಹೊಳೆಯುತ್ತಿತ್ತು. ಸುತ್ತ ನಿಂತವರು ಮೂಗೆಳೆದರು.

"ಗ್ರೀಸ್ ಸೋರಿದೆ," ಎಂದ ಇನ್ಸ್‌ಪೆಕ್ಟರ್, ಕಂಡುಹಿಡಿದವನ ಗತ್ತಿನಿಂದ. "ಡ್ರೈವರ್ ನೋಡ್ಕೋಬೇಕಿತ್ತು."

"ಮೂಸಿ ನೋಡಿ ಸಾ."

ಬೆರಳ ತುದಿ ಅದ್ದಿ ಮೂಸಿದ. ಮುಖದಲ್ಲಿ ಅನುಮಾನ ಕಂಡಿತು. ಮತ್ತೆ ಮೂಸಿದ. "ಏನ್ರೀ ಇದು, ಅಡುಗೆ ಎಣ್ಣೆ ಇದ್ದ ಹಾಗಿದೆ?"

ಯಜಮಾನರ ಕಡೆ ತಿರುಗಿ, ಆದಷ್ಟು ವಿನಯದಿಂದ ಕೇಳಿದೆ. ನಾನು ವಿನಯದಿಂದ ಮಾತಾಡಿದರೆ ಬುದ್ಧಿವಂತರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ, ಅವರು ನೋಡಿಕೊಳ್ಳಲಿಲ್ಲ.

"ಯಜಮಾನ್ರೇ, ಅಮಾಸೆ ಸೇವೆ ಅಲ್ವಾ ಇದು? ಒಳ್ಳೇದು. ಆದ್ರೆ ಡ್ರೈವರ್ ಕೈಲಿ ಉಯ್ಸಿದ್ರೆ ಇಂಗೇ ಆಯ್ತದೆ. ನಿಮ್ಗಾದ್ರೂ ಪುರುಸೊತ್ತು ಎಲ್ಲಿ ಅದೆ? ಕೂಲಿಯವ್ರ ಕೈಲೇ ಅರಕೆ ತೀರ್ಸ್ಕಬೇಕು ಪಾಪ."

ಹರಕೆ ಹೊತ್ತವನ ಕೈಯಿಂದಲೇ ಸೇವೆ ನಡೆಯಬೇಕು, ಇನ್ನೊಬ್ಬನ ಕೈಯಿಂದ ನಡೆದರೆ ಫಲವಿಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ. ಯಜಮಾನರ ಮುಖ ಕೆಂಪಾಯಿತು. ಅವರ ಜಾತಿಯವರೇ ನಾಲ್ಕು ಜನ ಅಲ್ಲಿ ನಿಂತಿದ್ದರು.

"ಏನ್ಲಾ ಅಂದೆ? ಅರಕೆ ನಂದು, ಎಣ್ಣೆ ಅವ್ನ ಕೈಲಿ ಉಯ್ಸಕಾದದಾ? ಅಮಾಸೆ ಅಮಾಸೆಗೂ ತಣ್ಣೀರು ಮಿಂದು, ಒದ್ದೆ ಬಟ್ಟೇಲಿ ನನ್ ಕೈಯಾರ ಉಯ್ತೀನಿ ಕಣ್ಲಾ. ಆರು ಗಾಲಿಗೂ. ಅವ್ನು ಚೊಂಬು ಮುಟ್ಟಂಗಿಲ್ಲ, ಅತ್ರ ಬರಂಗಿಲ್ಲ."

"ಗಾಲಿಗೊಂದು ಚೊಂಬಾ ಯಜಮಾನ್ರೇ?"

"ಗಾಲಿಗೆ ಎಲ್ಡು ಚೊಂಬು. ನಮ್ ಮನೇಲಿ ಜುಗ್ಗತನ ಇಲ್ಲ."

"ಡ್ರೈವರ್ ಬ್ಯಾಡ ಅಂದಿದ್ದನಂತೆ?"

"ಬ್ಯಾಡ ಅನ್ನಕೆ ಅವ್ನ್ಯಾರು? ಬ್ರೇಕು ಬ್ರೇಕು ಅಂತ ಒಟಗುಟ್ತಾನೇ ಇದ್ದ. ದೇವ್ರ ಕೆಲ್ಸಕ್ಕೆ ಅಡ್ಡ ಬರ್ಬ್ಯಾಡ ಅಂತ ಗದರಿ ಕಳ್ಸಿದ್ದೆ."

ಅಷ್ಟೂ ಮಾತು ಅವರ ಬಾಯಿಂದಲೇ ಬಂತು. ನಾನು ಇನ್ಸ್‌ಪೆಕ್ಟರನ ಕಡೆ ನೋಡಿದೆ. ಅವನು ದಡ್ಡನಾದರೂ ಕುರ್ಚಿ ಕಳಕೊಂಡ ದಡ್ಡ. ಇಷ್ಟು ಹೊತ್ತಿಗೆ ಅವನಿಗೂ, ತನ್ನ ಮೇಲೆ ಲಾರಿ ಬಿಟ್ಟವರು ಯಾರೆಂಬುದು ತಿಳಿದಿತ್ತು. ಹೆಸರಿನ ಜಾಗದಲ್ಲಿ ಯಜಮಾನರ ಹೆಸರನ್ನೂ ಅವರ ತಂದೆಯ ಹೆಸರನ್ನೂ ಕೇಳಿ ಬರೆದುಕೊಂಡ. ಲೈನರು ಬದಲಾಯಿಸುವ ತನಕ ಗಾಡಿ ಓಡಿಸಕೂಡದೆಂದು ಕಾಗದ ಅಂಟಿಸಿದ. ಅಕ್ಕಿಯನ್ನು ಮೈಸೂರಿಗೆ ಬೇರೆ ಲಾರಿಯಲ್ಲಿ ಸಾಗಿಸಬೇಕಾಯಿತು. ಆ ಬೇರೆ ಲಾರಿ ನನ್ನದೇ ಅನ್ನುವುದನ್ನೂ ಹೇಳಿಬಿಡುತ್ತೇನೆ. ಯಜಮಾನರು ಬಾಡಿಗೆಗೆ ಚೌಕಾಸಿ ಮಾಡುವ ಸ್ಥಿತಿಯಲ್ಲಿರಲಿಲ್ಲ.

ತಾವು ಸಿಕ್ಕಿಬಿದ್ದದ್ದು ಯಜಮಾನರಿಗೆ ಕಾಗದ ಅಂಟಿಸಿದ ಮೇಲೆ ಹೊಳೆಯಿತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಎಂಟು ತಿಂಗಳ ಹರಕೆ ಸುಳ್ಳೆಂದು ಒಪ್ಪಿದ ಹಾಗಾಗುತ್ತಿತ್ತು. ಪರ್ಮಿಟ್ಟಿಗಿಂತ ಅವರಿಗೆ ಅದೇ ದೊಡ್ಡದಾಗಿ ಕಂಡಿತು. ಇಂಥವರ ಕೂಡೆ ವ್ಯವಹಾರ ಮಾಡುವಾಗ ಅವರ ಸುಳ್ಳನ್ನು ಹುಡುಕಲು ಹೋಗಬೇಡಿ, ಜಂಬವನ್ನು ಹುಡುಕಿ. ಸುಳ್ಳನ್ನು ಎಲ್ಲರೂ ಬಚ್ಚಿಡುತ್ತಾರೆ. ಜಂಬವನ್ನು ಬಾಗಿಲಿಗೆ ತೋರಣದ ಹಾಗೆ ಕಟ್ಟಿರುತ್ತಾರೆ.

ಇನ್ಸ್‌ಪೆಕ್ಟರ್ ಲೈಸೆನ್ಸನ್ನು ಡ್ರೈವರನ ಕಡೆಗೆ ಎಸೆದ. ಅವನು ನೆಲದಿಂದ ಎತ್ತಿಕೊಂಡು, ಮಣ್ಣು ಊದಿ, ಎಲೆಯಡಿಕೆಯ ಚೀಲದೊಳಗೆ ಇಟ್ಟ. ಯಜಮಾನರ ಮುಂದೆ ಲಾರಿಯ ಚಾವಿ ಇಟ್ಟ. ನನಗೆ ಕೈ ಮುಗಿಯಲಿಲ್ಲ. ಕೊಳ್ಳೇಗಾಲದ ಕಡೆ ನಡೆದುಹೋದ. ಸ್ವಲ್ಪ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚಿಸಿದರೆ, ತನ್ನ ವಸ್ತು ತನಗೆ ಸಿಕ್ಕಿದ್ದಕ್ಕೆ ಅವನು ಯಾಕೆ ಕೈ ಮುಗಿಯಬೇಕು?

ಗಿರಣಿಯಲ್ಲಿ ಅವನಿಗೆ ಜಾಗವಿಲ್ಲವೆಂಬುದು ಯಾರೂ ಹೇಳದೆಯೇ ತಿಳಿಯುವ ಸಂಗತಿ. ನಾಲ್ಕು ದಿನ ಬಿಟ್ಟು ನಾನೇ ಹೇಳಿಕಳಿಸಿದೆ. ನನಗೂ ಒಬ್ಬ ಡ್ರೈವರ್ ಬೇಕಾಗಿತ್ತು. ನಾನು ಸ್ಟೇರಿಂಗ್ ಹಿಡಿದು ಕೂತರೆ ಲೋಡು ಕುದುರಿಸುವವರು ಯಾರು? ಅವನು ಬೆಳಿಗ್ಗೆ ನನ್ನ ಮನೆಯ ಮುಂದೆ ಬಂದ. ಹನೂರಿನಿಂದ ರಾಗಿ ತರುವುದಿದೆ ಎಂದು ಚಾವಿ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ಟವಲನ್ನು ನೆಲಕ್ಕೆ ಹಾಸಿ ಲಾರಿಯ ಕೆಳಗೆ ನುಸುಳಿದ. ಸ್ವಲ್ಪ ಹೊತ್ತು ಏನೋ ತಟ್ಟುವ ಸದ್ದು, ಆಮೇಲೆ ಗಾಲಿ ಬಿಚ್ಚುವ ಸದ್ದು. ನಾನು ಹೊಸಲಿನ ಮೇಲೆ ಕೂತು ಕಾಫಿ ಕುಡಿದು ಮುಗಿಸಿದೆ. ಅವನು ಕೈ ಒರೆಸಿಕೊಳ್ಳುತ್ತಾ ಬಂದ.

"ಅಣ್ಣ, ಲೈನರ್ ಎಲ್ಲಿ? ಬರೀ ತಗಡು ಅವೆ."

"ಮೊನ್ನೆ ಪಾಸಾಯ್ತಲ್ಲೋ."

"ನೋಡ್ದೆ ಅಣ್ಣ, ನಿಮ್ ಇಂದ್ಲ ಗಾಡೀಲೇ ಇದ್ನಲ್ಲ. ಗೇರ್‌ನಲ್ಲಿ ನಿಲ್ಸಿದ್ರಿ."

ನಾನು ಅವನಿಗೆ ನೂರು ಕಾರಣ ಹೇಳಬಲ್ಲೆ. ರಾಗಿ ತಂದ ಮೇಲೆ ಹಾಕಿಸೋಣ, ಹನೂರಿನ ರಸ್ತೆಯಲ್ಲಿ ಅಂಥ ಇಳಿಜಾರು ಇಲ್ಲ, ನಾನು ಇಷ್ಟು ದಿನ ಓಡಿಸಲಿಲ್ಲವೇ. ಇನ್ಸ್‌ಪೆಕ್ಟರನ್ನೂ ಗಿರಣಿ ಯಜಮಾನರನ್ನೂ ಮಣಿಸಿದ ಬಾಯಿ ಅದು. ಅವನು ಎಲೆಯಡಿಕೆಯ ಚೀಲವನ್ನು ಸೊಂಟದಲ್ಲಿ ಇನ್ನಷ್ಟು ಒಳಕ್ಕೆ ಸಿಗಿಸಿಕೊಂಡು ಹೇಳಿದ:

"ಪುಸ್ತಕ ನಂದು ಅಣ್ಣ. ಬ್ರೇಕು ನಿಮ್ದು. ಲೈನರ್ ಆಕ್ಸಿ, ಮದ್ಯಾನಕ್ಕೆ ಬತ್ತೀನಿ."

ರಾಗಿಯ ಲೋಡು ಅವತ್ತು ಬೇರೆಯವನ ಪಾಲಾಯಿತು. ನಾನು ಕೊಳ್ಳೇಗಾಲದ ಪೇಟೆಗೆ ಲೈನರ್ ತರಲು ಹೋದೆ. ಹತ್ತಿರದ ದಾರಿ ಗೂಡಿನ ಮಾರುಕಟ್ಟೆಯ ಮೇಲೆಯೇ ಹಾಯುತ್ತಿತ್ತು, ಅವಸರವಿದ್ದುದರಿಂದ ಆ ದಾರಿಯಲ್ಲೇ ನಡೆದೆ. ಹನೂರಿನವನು ಕುಕ್ಕೆ ಇಳಿಸಿ ಕೈ ಮುಗಿದ. ನಾನೂ ಮುಗಿದೆ.